ಕೋಪವು ಬಾಯ್ಲರಿನ ಆವಿಯೆ?

ಕೋಪವನ್ನು ಕುರಿತು ನಾವು ಆಡುವ ಮಾತುಗಳಲ್ಲಿ ಬಹುಪಾಲು ಒಲೆಯ ಬಳಿಯಿಂದ ಬಂದವು. ಸಿಟ್ಟು ಉಕ್ಕುತ್ತದೆ, ಮನಸ್ಸು ಕುದಿಯುತ್ತದೆ, ಮೈ ಉರಿಯುತ್ತದೆ, ಮನುಷ್ಯ ಕಿಡಿಕಿಡಿಯಾಗುತ್ತಾನೆ. ಒಳಗೇ ಇಟ್ಟುಕೊಂಡರೆ ಕೋಪವು ಒಂದು ದಿನ ಸಿಡಿದೀತೆಂದು ಹಿರಿಯರು ಎಚ್ಚರಿಸುತ್ತಾರೆ. ಆದುದರಿಂದಲೇ, ‘ಒಂದು ಸಲ ಬಾಯಿಬಿಟ್ಟು ಬೈದುಬಿಡು, ಎದೆ ಹಗುರಾಗುತ್ತದೆ’ ಎಂಬ ಸಲಹೆಯೂ ಬಳಕೆಯಲ್ಲಿದೆ. ಈ ಸಲಹೆಯ ಹಿಂದೆ ಒಂದು ಚಿತ್ರವಿದೆ. ಮನುಷ್ಯನೆಂಬುವನು ಮುಚ್ಚಿದ ಪಾತ್ರೆ. ಕೋಪವೆಂಬುದು ಅದರೊಳಗಿನ ಆವಿ. ಒತ್ತಡ ಹೆಚ್ಚಿದಾಗ ಆವಿಯನ್ನು ಹೊರಗೆ ಬಿಡದಿದ್ದರೆ ಪಾತ್ರೆ ಒಡೆಯುತ್ತದೆ.

ಈ ಚಿತ್ರವು ನಿಜವೆ? ಹತ್ತು ಜನರು ಸೇರಿ ಕೆಲಸ ಮಾಡುವ ಕಡೆಗಳಲ್ಲಿ ಈ ಪ್ರಶ್ನೆ ಬಹಳ ಮುಖ್ಯವಾದದ್ದು. ರಾಯಚೂರಿನ ಹತ್ತಿಯ ಜಿನ್ನಿಂಗ್ ಕಾರ್ಖಾನೆಯಾಗಲಿ, ಮಾನ್ವಿಯ ಅಕ್ಕಿಯ ಗಿರಣಿಯಾಗಲಿ, ದೇವದುರ್ಗದ ಒಂದು ಸರಕಾರಿ ಕಚೇರಿಯಾಗಲಿ, ಎಲ್ಲಿಯೇ ಆದರೂ ಒಬ್ಬನ ಸಿಟ್ಟು ಅವನೊಬ್ಬನಲ್ಲೇ ಉಳಿಯುವುದಿಲ್ಲ. ಕೆಲಸ ಕೆಡುತ್ತದೆ, ಕೆಲವೊಮ್ಮೆ ಜೀವಕ್ಕೂ ಅಪಾಯ ತರುತ್ತದೆ. ಹಾಗಾದರೆ ಕೋಪವನ್ನು ಹೊರಗೆ ಬಿಡಬೇಕೆ, ಒಳಗೇ ನುಂಗಬೇಕೆ, ಅಥವಾ ಮೂರನೆಯ ದಾರಿಯೊಂದು ಉಂಟೆ? ಇದನ್ನು ವಿಜ್ಞಾನದ ದೃಷ್ಟಿಯಿಂದ ಇಲ್ಲಿ ವಿಚಾರಿಸೋಣ.

ಬಾಯ್ಲರಿನಿಂದ ಕಲಿಯತಕ್ಕ ಪಾಠ

ಬಾಯ್ಲರಿನ ಹೋಲಿಕೆ ಬಂದಿರುವುದರಿಂದ ಮೊದಲು ನಿಜವಾದ ಬಾಯ್ಲರನ್ನೇ ನೋಡುವುದು ಒಳ್ಳೆಯದು. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ರಾಯಚೂರು ನಗರದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ, ಕರ್ನಾಟಕ ವಿದ್ಯುತ್ ನಿಗಮದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಇದರ ಮೊದಲನೆಯ ಘಟಕ 1985ರಲ್ಲಿ ಕೆಲಸಕ್ಕೆ ತೊಡಗಿತು. ಮುಂದೆ ಒಂದೊಂದಾಗಿ ಬೆಳೆದು ಘಟಕಗಳು ಎಂಟಾದುವು. ಏಳು ಘಟಕಗಳು ತಲಾ 210 ಮೆಗಾವಾಟಿನವು, ಎಂಟನೆಯದು 250 ಮೆಗಾವಾಟಿನದು.

ಇಂತಹ ಘಟಕದಲ್ಲಿ ನುಣ್ಣಗೆ ಅರೆದ ಕಲ್ಲಿದ್ದಲನ್ನು ಗಾಳಿಯೊಡನೆ ಕುಲುಮೆಗೆ ಊದಿ ಉರಿಸುತ್ತಾರೆ. ನೀರು ಆವಿಯಾಗಿ, ಇನ್ನಷ್ಟು ಕಾದು, ಸುಮಾರು 540 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಟರ್ಬೈನಿಗೆ ನುಗ್ಗುತ್ತದೆ. ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಹೀಗಿರುವಲ್ಲಿ ಟರ್ಬೈನು ಯಾವುದೋ ಕಾರಣದಿಂದ ಒಮ್ಮೆಲೇ ನಿಂತಿತೆಂದು ಭಾವಿಸೋಣ. ಆವಿಗೆ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ. ಗೊತ್ತಾದ ಮಿತಿಯನ್ನು ದಾಟಿದೊಡನೆ ರಕ್ಷಾಕವಾಟವು ತಾನಾಗಿಯೇ ತೆರೆದುಕೊಂಡು, ಕಿವಿ ಕಿವುಡಾಗುವಂತಹ ಸದ್ದಿನೊಡನೆ ಆವಿಯನ್ನು ಹೊರಗೆ ಚೆಲ್ಲುತ್ತದೆ.

ಇಷ್ಟನ್ನೇ ನೋಡಿದವನು, ‘ಇದೇ ಸರಿ, ಮನುಷ್ಯನೂ ಹೀಗೆಯೇ ಸಿಟ್ಟನ್ನು ಹೊರಹಾಕಬೇಕು’ ಎಂದಾನು. ಆದರೆ ನಿಯಂತ್ರಣ ಕೊಠಡಿಯಲ್ಲಿರುವವರು ಕವಾಟವನ್ನು ನಂಬಿ ಸುಮ್ಮನೆ ಕೂರುವುದಿಲ್ಲ ಎಂಬುದನ್ನು ಗಮನಿಸಬೇಕು. ಅವರು ಮೊದಲು ಮಾಡುವ ಕೆಲಸ ಕಲ್ಲಿದ್ದಲಿನ ಮಿಲ್ಲುಗಳನ್ನು ನಿಲ್ಲಿಸಿ ಬೆಂಕಿಯನ್ನು ಕಡಮೆ ಮಾಡುವುದು. ಕುಲುಮೆ ಮೊದಲಿನಂತೆಯೇ ಉರಿಯುತ್ತಿದ್ದರೆ ಕವಾಟವು ಮುಚ್ಚಿಕೊಂಡ ಸ್ವಲ್ಪ ಹೊತ್ತಿಗೆ ಒತ್ತಡ ಮತ್ತೆ ಏರುತ್ತದೆ. ಕವಾಟ ಮತ್ತೆ ತೆರೆಯುತ್ತದೆ. ರಕ್ಷಾಕವಾಟವು ಕಟ್ಟಕಡೆಯ ಉಪಾಯವೇ ಹೊರತು ದಿನನಿತ್ಯದ ಚಿಕಿತ್ಸೆಯಲ್ಲ.

ಹೊರಹಾಕಿದರೆ ಹಗುರಾಗುವುದೆ?

ಮನುಷ್ಯನ ವಿಷಯದಲ್ಲಿಯೂ ಪ್ರಯೋಗಗಳು ಹೇಳುವುದು ಇದನ್ನೇ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ 600 ಕಾಲೇಜು ವಿದ್ಯಾರ್ಥಿಗಳನ್ನೊಳಗೊಂಡ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಕಟುವಾಗಿ ನಿಂದಿಸಿ ಅವರಿಗೆ ಸಿಟ್ಟು ಬರಿಸಲಾಯಿತು. ಅನಂತರ ಒಂದು ಗುಂಪಿನವರು ನಿಂದಿಸಿದವನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮುಷ್ಟಿಯುದ್ಧದ ಚೀಲವನ್ನು ಗುದ್ದಿದರು. ಎರಡನೆಯ ಗುಂಪಿನವರು ವ್ಯಾಯಾಮವನ್ನು ನೆನೆಯುತ್ತ ಗುದ್ದಿದರು. ಮೂರನೆಯ ಗುಂಪಿನವರು ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕುಳಿತರು. ಕೊನೆಯಲ್ಲಿ ಅಳೆದು ನೋಡಿದಾಗ, ವೈರಿಯನ್ನು ನೆನೆಯುತ್ತ ಗುದ್ದಿದವರಲ್ಲಿಯೇ ಸಿಟ್ಟು ಹೆಚ್ಚಾಗಿತ್ತು. ಸುಮ್ಮನೆ ಕುಳಿತವರು ಎಲ್ಲರಿಗಿಂತ ಶಾಂತರಾಗಿದ್ದರು.

ಒಂದೇ ಪ್ರಯೋಗವನ್ನು ನಂಬುವುದು ವಿಜ್ಞಾನದ ಪದ್ಧತಿಯಲ್ಲ. 2024ರಲ್ಲಿ ಸೋಫಿ ಕ್ಯಾರ್ವಿಕ್ ಮತ್ತು ಬುಶ್‌ಮನ್ ಅವರು 154 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ್ದ 10,189 ಜನರ ವಿವರಗಳನ್ನು, ಒಟ್ಟುಗೂಡಿಸಿ ಪರಿಶೀಲಿಸಿದರು. ದೀರ್ಘವಾದ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸ ಮುಂತಾಗಿ ದೇಹದ ಉದ್ರೇಕವನ್ನು ತಗ್ಗಿಸುವ ಕ್ರಿಯೆಗಳು ಕೋಪವನ್ನು ನಿಶ್ಚಯವಾಗಿ ಕಡಮೆ ಮಾಡುತ್ತವೆ. ಉದ್ರೇಕವನ್ನು ಏರಿಸುವ ಕ್ರಿಯೆಗಳಿಂದ ಒಟ್ಟಿನಲ್ಲಿ ಪ್ರಯೋಜನವಿಲ್ಲ ಎಂದು ತಿಳಿದುಬಂದಿತು. ಆರೋಗ್ಯಕ್ಕೆ ಒಳ್ಳೆಯದಾದ ಓಟವು ಸಹ ಕೋಪವನ್ನು ತಣಿಸಲಿಲ್ಲ, ಬದಲಾಗಿ ಹೆಚ್ಚಿಸಿತು. ಬಾಯ್ಲರಿನ ಹೋಲಿಕೆ ತಪ್ಪಲ್ಲ. ನಾವು ಅದರ ಅರ್ಧವನ್ನು ಮಾತ್ರ ನೋಡಿದ್ದೆವು. ಕವಾಟವನ್ನು ತೆರೆಯುವುದಲ್ಲ, ಬೆಂಕಿಯನ್ನು ತಗ್ಗಿಸುವುದು ಮುಖ್ಯ.

ದೇಹದಲ್ಲಿ ನಡೆಯುವುದೇನು?

ಈ ಬೆಂಕಿ ಯಾವುದು? ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ಎಂಬ ಶರೀರಕ್ರಿಯಾ ವಿಜ್ಞಾನಿಯು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯ ಮತ್ತು ಕ್ರೋಧಗಳ ಕಾಲದಲ್ಲಿ ದೇಹದೊಳಗೆ ಆಗುವ ಬದಲಾವಣೆಗಳನ್ನು ವಿವರಿಸಿದ್ದಾನೆ. ಅಪಮಾನವೋ ಬೆದರಿಕೆಯೋ ಎದುರಾದಾಗ ಮಿದುಳಿನ ಆಳದಲ್ಲಿರುವ, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವು ಬೇಗನೆ ಎಚ್ಚರಗೊಳ್ಳುತ್ತದೆ. ನರಗಳ ಮೂಲಕ ಸುದ್ದಿ ಹರಿದು, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಹೆಚ್ಚುತ್ತದೆ, ರಕ್ತದ ಒತ್ತಡ ಏರುತ್ತದೆ, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಸೇರಿಸುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಹೋರಾಡುವುದಕ್ಕೋ ಓಡಿಹೋಗುವುದಕ್ಕೋ ದೇಹವು ಸಿದ್ಧವಾಗುತ್ತದೆ. ಇದೇ ವೇಳೆಗೆ, ಹಣೆಯ ಹಿಂದಿರುವ ಮಿದುಳಿನ ಮುಂಭಾಗ, ಅಂದರೆ ಮುಂದಿನ ಪರಿಣಾಮವನ್ನು ತೂಗಿನೋಡುವ ಭಾಗ, ತನ್ನ ಹಿಡಿತವನ್ನು ಸ್ವಲ್ಪಮಟ್ಟಿಗೆ ಕಳೆದುಕೊಳ್ಳುತ್ತದೆ. ರೇಗಿದಾಗ ಆಡಿದ ಮಾತಿಗೆ ಸಂಜೆಯ ವೇಳೆಗೆ ಪಶ್ಚಾತ್ತಾಪ ಪಡುವುದರ ಕಾರಣ ಇದೇ.

ಅಡ್ರಿನಲಿನ್ನಿನ ಆಯುಸ್ಸು ಬಹಳ ಕಡಮೆ. ಕೆಲವೇ ನಿಮಿಷಗಳಲ್ಲಿ ಅದು ರಕ್ತದಿಂದ ಮಾಯವಾಗತೊಡಗುತ್ತದೆ. ಹಾಗಿದ್ದರೆ ಕೋಪವು ಗಂಟೆಗಟ್ಟಲೆ, ದಿನಗಟ್ಟಲೆ ಉಳಿಯುವುದು ಹೇಗೆ? ‘ಎಲ್ಲರೆದುರಿಗೆ ನನ್ನನ್ನು ಹಾಗೆ ಅಂದನಲ್ಲಾ’ ಎಂದು ಮತ್ತೆ ಮತ್ತೆ ಮೆಲುಕು ಹಾಕುವುದರಿಂದ. ಒಂದೊಂದು ಮೆಲುಕೂ ಕುಲುಮೆಗೆ ಹಾಕಿದ ಒಂದೊಂದು ಹಿಡಿ ಕಲ್ಲಿದ್ದಲು. ಇದರಿಂದ ಹೃದಯಕ್ಕೂ ನಷ್ಟವುಂಟು. 2024ರಲ್ಲಿ ಅಮೆರಿಕದಲ್ಲಿ 280 ಮಂದಿ ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ, ಹಿಂದೆ ಸಿಟ್ಟು ತರಿಸಿದ್ದ ಪ್ರಸಂಗವನ್ನು ಕೇವಲ 8 ನಿಮಿಷ ನೆನಪಿಸಿಕೊಂಡವರ ರಕ್ತನಾಳಗಳು ಹಿಗ್ಗುವ ಶಕ್ತಿಯನ್ನು ಸುಮಾರು 40 ನಿಮಿಷಗಳವರೆಗೆ ಭಾಗಶಃ ಕಳೆದುಕೊಂಡಿದ್ದುವು.

ಆದರೆ ಮುಖ ಗಂಟಿಕ್ಕದೆ ಕೋಪವನ್ನು ನುಂಗಿಕೊಳ್ಳುವುದೂ ಸರಿಯಾದ ಉಪಾಯವಲ್ಲ. ಜೇಮ್ಸ್ ಗ್ರಾಸ್ ಎಂಬ ಮನೋವಿಜ್ಞಾನಿ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾವವನ್ನು ಮುಖದಲ್ಲಿ ತೋರಗೊಡದೆ ಅದುಮಿದವರ ದೇಹವು ಒಳಗೆ ಇನ್ನಷ್ಟು ಉದ್ರೇಕಗೊಂಡಿತು. ಪ್ರಸಂಗವನ್ನೇ ಬೇರೊಂದು ದೃಷ್ಟಿಯಿಂದ ನೋಡಿದವರಿಗೆ ಆ ಕಷ್ಟವಿರಲಿಲ್ಲ. ‘ಇವನು ನನ್ನನ್ನು ಅವಮಾನಿಸಲೆಂದೇ ತಡವಾಗಿ ಬಂದ’ ಎನ್ನುವುದಕ್ಕೂ ‘ದೇವದುರ್ಗದ ಬಸ್ಸು ಇಂದು ತಡವಾಗಿರಬಹುದು, ಕೇಳಿ ನೋಡೋಣ’ ಎನ್ನುವುದಕ್ಕೂ ಇರುವ ಅಂತರ ಇಂತಹುದು.

ಬಿಸಿಲು ಮತ್ತು ಸಿಟ್ಟು

ರಾಯಚೂರಿನವರಿಗೆ ಇನ್ನೊಂದು ವಿಷಯವನ್ನು ವಿಶೇಷವಾಗಿ ಹೇಳಬೇಕು. ನಮ್ಮ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಹವೆ ಕಾದಂತೆ ಮನುಷ್ಯನ ಸಹನೆ ಕುಗ್ಗುತ್ತದೆ ಎಂಬುದಕ್ಕೆ ಅನೇಕ ಸಾಕ್ಷ್ಯಗಳಿವೆ. ಅಮೆರಿಕದ ಬೇಸ್‌ಬಾಲ್ ಆಟದ ದಾಖಲೆಗಳನ್ನು ಪರಿಶೀಲಿಸಿದ 1991ರ ಒಂದು ಅಧ್ಯಯನದಲ್ಲಿ, ಬಿಸಿಲು ಹೆಚ್ಚಾದ ದಿನಗಳಲ್ಲಿ ಚೆಂಡೆಸೆಯುವವನು ದಾಂಡಿಗನ ಮೈಗೆ ಚೆಂಡು ಹೊಡೆಯುವ ಸಂದರ್ಭಗಳೂ ಹೆಚ್ಚಾಗಿದ್ದುದು ಕಂಡುಬಂದಿತು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯನ್ನು ಡಾಲ್ಫ್ ಜಿಲ್‌ಮನ್ ಮತ್ತು ಅವರ ಸಹಕಾರಿಗಳು 1972ರಲ್ಲಿ ತೋರಿಸಿದರು. ಕೆಣಕಲ್ಪಟ್ಟವನು ಸೈಕಲ್ಲನ್ನು ಜೋರಾಗಿ ತುಳಿದು ಬಂದಿದ್ದರೆ, ಕೆಣಕಿದವನ ಮೇಲೆ ಅವನು ಹೆಚ್ಚು ಕಠಿನವಾಗಿ ಸೇಡು ತೀರಿಸಿಕೊಳ್ಳುತ್ತಾನೆ. ಒಂದು ಕಾರಣದಿಂದ ಹುಟ್ಟಿದ ಉದ್ರೇಕದ ಉಳಿಕೆಯು ಇನ್ನೊಂದು ಕಾರಣದ ಲೆಕ್ಕಕ್ಕೆ ಸೇರಿಹೋಗುತ್ತದೆ. ಮೇ ತಿಂಗಳ ಮಧ್ಯಾಹ್ನ ಬಾಯ್ಲರಿನ ಮೆಟ್ಟಿಲುಗಳನ್ನು ಹತ್ತಿ ಇಳಿದು ಬಂದವನ ಎದೆ ಡವಡವನೆ ಹೊಡೆದುಕೊಳ್ಳುತ್ತಿರುತ್ತದೆ. ಎದುರಿಗೆ ಬಂದ ಜತೆಗಾರನ ಸಣ್ಣ ಮಾತೂ ಆಗ ದೊಡ್ಡ ಅಪರಾಧವಾಗಿ ತೋರುವುದು ಸಹಜ. ಅಂತಹ ವೇಳೆಯಲ್ಲಿ ಒಂದು ಲೋಟ ನೀರು, ಹತ್ತು ನಿಮಿಷದ ನೆರಳು ಬೇಕೇ ಹೊರತು ವಿಚಾರಣೆಯಲ್ಲ. ಕಠಿನವಾದ ವಿಷಯವನ್ನು ಚರ್ಚಿಸುವ ಸಭೆಯನ್ನು ಬೆಳಗಿನ ತಂಪಿನಲ್ಲಿ ಸೇರಿಸುವುದು ಖರ್ಚಿಲ್ಲದ ಸುಧಾರಣೆ.

ಎರಡು ಬಗೆಯ ವಿರೋಧಗಳು

ಇಷ್ಟನ್ನೆಲ್ಲ ಕೇಳಿ, ಜಗಳವೇ ಇಲ್ಲದ ಕಚೇರಿಯೇ ಆದರ್ಶವೆಂದು ವಾಚಕರು ತೀರ್ಮಾನಿಸಬಾರದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಆಗಾಗ ನೋಡುವ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಒಂದೇ ತಂತಿಯ ದಪ್ಪವನ್ನು ಇಬ್ಬರು ವಿದ್ಯಾರ್ಥಿಗಳು ಸ್ಕ್ರೂಗೇಜಿನಿಂದ ಅಳೆಯುತ್ತಾರೆ; ಎರಡು ಬೇರೆ ಬೇರೆ ಅಂಕಿಗಳು ಬರುತ್ತವೆ. ‘ನಿನಗೆ ಓದಲು ಬರುವುದಿಲ್ಲ’ ಎಂದು ಒಬ್ಬನು ಹೇಳಿದರೆ ಪ್ರಯೋಗ ಅಲ್ಲಿಗೆ ಕೆಟ್ಟಿತು. ‘ನಮ್ಮಿಬ್ಬರ ಅಂಕಿಗಳೂ ಏಕೆ ಬೇರೆಯಾದುವು?’ ಎಂದು ಕೇಳಿದರೆ ಉಪಕರಣದ ಶೂನ್ಯದೋಷವು ಹೊರಬೀಳುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಆ ದೋಷವು ಯಾರಿಗೂ ತಿಳಿಯುತ್ತಿರಲಿಲ್ಲ.

ಕ್ಯಾರೆನ್ ಜೇನ್ ಎಂಬ ವಿದ್ವಾಂಸೆ 1995ರಲ್ಲಿ 105 ಕಾರ್ಯತಂಡಗಳನ್ನು ಅಧ್ಯಯನ ಮಾಡಿ ಈ ಎರಡು ಬಗೆಗಳನ್ನು ಬಿಡಿಸಿ ತೋರಿಸಿದರು. ಕೆಲಸವನ್ನು ಕುರಿತ ಭಿನ್ನಾಭಿಪ್ರಾಯ ಒಂದು. ವ್ಯಕ್ತಿಯನ್ನು ಕುರಿತ ವೈಮನಸ್ಯ ಇನ್ನೊಂದು. ಎರಡನೆಯದು ಎಲ್ಲೆಡೆಯೂ ಹಾನಿಕರ. ಮೊದಲನೆಯದು, ಹೊಸ ಹೊಸ ಸಮಸ್ಯೆಗಳು ಬರುವಂತಹ ಕೆಲಸಗಳಲ್ಲಿ ಲಾಭಕರ. ದಿನವೂ ಒಂದೇ ರೀತಿ ನಡೆಯುವ ಕೆಲಸಗಳಲ್ಲಿ ಅದೂ ತೊಡಕೇ. ಮುಂದೆ 2012ರಲ್ಲಿ 116 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇನ್ನೊಂದು ಎಚ್ಚರಿಕೆ ದೊರೆಯಿತು. ಕೆಲಸದ ಚರ್ಚೆಯು ವೈಯಕ್ತಿಕ ದ್ವೇಷದೊಡನೆ ಬೆರೆಯದಿದ್ದಾಗ ಮಾತ್ರ ಅದರಿಂದ ಒಳಿತಿನ ನಿರೀಕ್ಷೆ. ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿ ಬಹಳ ಇಳಿಜಾರಾದದ್ದು.

ಶಾಖೋತ್ಪನ್ನ ಕೇಂದ್ರಗಳಂತಹ ಕಡೆಗಳಲ್ಲಿ ಈ ಭಿನ್ನಾಭಿಪ್ರಾಯವು ಕೆಲಸದ ಸ್ವಭಾವದಲ್ಲಿಯೇ ಅಡಗಿದೆ. ಯಂತ್ರವನ್ನು ನಡೆಸುವವರಿಗೆ ಅದು ನಿಲ್ಲದೆ ಓಡಬೇಕು. ದುರಸ್ತಿಯವರಿಗೆ ಅದು ಸಕಾಲದಲ್ಲಿ ನಿಲ್ಲಬೇಕು. ಇಬ್ಬರೂ ಸರಿಯೇ. ಈ ಘರ್ಷಣೆಯನ್ನು ವ್ಯಕ್ತಿಗಳ ಕೂಗಾಟಕ್ಕೆ ಬಿಡದೆ ‘ಪರ್ಮಿಟ್’ ಎಂಬ ಒಂದು ಹಾಳೆಗೆ ಒಪ್ಪಿಸಿದ್ದಾರೆ. ಯಂತ್ರಕ್ಕೆ ಬರುವ ವಿದ್ಯುತ್ತನ್ನೂ ಆವಿಯನ್ನೂ ಕಡಿದು, ಫಲಕ ತೂಗುಹಾಕಿ, ಹೊಣೆಗಾರರು ಸಹಿ ಹಾಕದೆ ಯಾರೂ ಅದರ ಮೇಲೆ ಕೈಯಿಡುವಂತಿಲ್ಲ. ಕೆಲಸ ಮುಗಿದು ಪರ್ಮಿಟ್ ಹಿಂದಿರುಗದೆ ಯಾರೂ ಅದನ್ನು ಚಾಲೂ ಮಾಡುವಂತಿಲ್ಲ. ‘ಬೇಗ ಮುಗಿಸಿ’ ಎಂದು ಒಬ್ಬನು ರೇಗಿದಾಗ ಇನ್ನೊಬ್ಬನು ಹೆದರಿ ಸಹಿ ಹಾಕಿದರೆ ಆಗುವ ನಷ್ಟ ಕೈಯದೋ ಕಣ್ಣಿನದೋ ಪ್ರಾಣದ್ದೋ ಆಗಬಹುದು. ‘ಇಲ್ಲ, ಇನ್ನೂ ಆಗಿಲ್ಲ’ ಎಂದು ಕಿರಿಯನು ಹಿರಿಯನಿಗೆ ನಿರ್ಭಯವಾಗಿ ಹೇಳಬಲ್ಲನೆ ಎಂಬುದೇ ಅಲ್ಲಿಯ ನಿಜವಾದ ಸುರಕ್ಷತೆ.

ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆಗೆ ಇದೇ ಸತ್ಯ ಆಸ್ಪತ್ರೆಗಳಲ್ಲಿ ಕಂಡಿತು. ಔಷಧ ಕೊಡುವುದರಲ್ಲಿ ಆಗುವ ತಪ್ಪುಗಳನ್ನು ಕುರಿತು ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಮುಂದಾಳುಗಳಿದ್ದ ದಾದಿಯರ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲೆಯಾಗಿದ್ದುವು. ಕಾರಣವೇನು? ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಯಾರೂ ಅಂಜುತ್ತಿರಲಿಲ್ಲ. ಉಳಿದ ಕಡೆ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದರು. ಮೇಲಿನವನ ಕೋಪವು ತಪ್ಪನ್ನು ಕಡಮೆ ಮಾಡುವುದಿಲ್ಲ, ತಪ್ಪಿನ ಸುದ್ದಿಯನ್ನು ಮಾತ್ರ ಕಡಮೆ ಮಾಡುತ್ತದೆ.

ಕಾಲುವೆಯ ಕೊನೆಯಲ್ಲಿ

ಎಲ್ಲ ಕೋಪವೂ ಮನಸ್ಸಿನ ದೋಷವೆ? ಅಲ್ಲವೆಂಬುದನ್ನು ನಮ್ಮ ಜಿಲ್ಲೆಯ ಕಾಲುವೆಗಳೇ ತೋರಿಸುತ್ತವೆ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರು. ಮಾನ್ವಿ, ರಾಯಚೂರು ತಾಲ್ಲೂಕುಗಳು ಇದರ ಕೊನೆಯ ಭಾಗದಲ್ಲಿವೆ. ಮೇಲ್ಭಾಗದಲ್ಲಿ ಬತ್ತದ ಗದ್ದೆಗಳು ಹೆಚ್ಚಿದಂತೆ ಕೆಳಭಾಗಕ್ಕೆ ಬರುವ ನೀರು ಕಡಮೆಯಾಗುತ್ತದೆ. ಪೈರು ಒಣಗುತ್ತಿರುವ ರೈತನ ಸಿಟ್ಟಿಗೆ ಮೊದಲು ಸಿಕ್ಕುವವನು ತೂಬಿನ ಬಳಿ ನಿಂತಿರುವ ಗ್ಯಾಂಗ್‌ಮನ್. ಆಮೇಲೆ ಕಿರಿಯ ಇಂಜಿನಿಯರು. ಗ್ಯಾಂಗ್‌ಮನ್ನನಿಗೆ ಇಂಜಿನಿಯರ ಮೇಲೆ ಕೋಪ, ಇಂಜಿನಿಯರಿಗೆ ಮೇಲಿನ ವಿಭಾಗದವರ ಮೇಲೆ ಕೋಪ. ಇವರಲ್ಲಿ ಯಾರಿಗೆ ಉಸಿರಾಟದ ಅಭ್ಯಾಸ ಕಲಿಸಿದರೂ ನೀರು ಬಾರದು. ಇಲ್ಲಿ ಕೋಪವು ಒಂದು ಅಳತೆಗೋಲು. ಎಲ್ಲಿಯೋ ಹಂಚಿಕೆ ಕೆಟ್ಟಿದೆಯೆಂದು ಅದು ಸೂಚಿಸುತ್ತಿದೆ.

ಇಂತಹ ಕಡೆ ಫಲ ಕೊಡುವುದು ಎರಡು ಉಪಾಯಗಳು. ಮೊದಲನೆಯದು, ಎಲ್ಲರಿಗೂ ಕಾಣುವ ಅಂಕಿ. 69ನೆಯ ಮೈಲು, 104ನೆಯ ಮೈಲು ಮೊದಲಾದ ಕಡೆ ಗೇಜಿನಲ್ಲಿ ನೀರು ಎಷ್ಟು ಅಡಿ ಇರಬೇಕು ಎಂಬುದೇ ರೈತರ ಬೇಡಿಕೆಯ ತಿರುಳಾಗಿರುವುದನ್ನು ನೋಡಿದ್ದೇವೆ. ‘ನೀವು ಕಳ್ಳರು’ ಎಂಬ ಮಾತು ‘ಇಂದು ಗೇಜು ಅರ್ಧ ಅಡಿ ಕಡಮೆಯಿದೆ’ ಎಂಬ ಮಾತಾಗಿ ಬದಲಾದರೆ ಉತ್ತರ ಕೊಡುವುದು ಸಾಧ್ಯವಾಗುತ್ತದೆ. ಎರಡನೆಯದು, ಮೊದಲೇ ಗೊತ್ತುಮಾಡಿದ ಸರದಿ. ದೇವದುರ್ಗದ ಕಡೆಗೆ ನೀರುಣಿಸುವ ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂಬ ವಾರಾಬಂದಿ ಪದ್ಧತಿಯುಂಟು. ಪೀಟರ್ ಮೊಲಿಂಗಾ ಎಂಬ ಡಚ್ ವಿದ್ವಾಂಸರು 1990ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಲ್ಲಿ ಸಂಶೋಧನೆ ನಡೆಸಿ, ಮೇಲಿನವರೂ ಕೆಳಗಿನವರೂ ಹೋರಾಟ ಮತ್ತು ಮಾತುಕತೆಗಳ ಮೂಲಕ ತಮ್ಮಲ್ಲಿಯೇ ಸರದಿಯನ್ನು ಗೊತ್ತುಮಾಡಿಕೊಂಡ ಬಗೆಯನ್ನು ವಿವರಿಸಿದ್ದಾರೆ. ಪಾಲು ಸಮನಾಗಿರದಿದ್ದರೂ, ನಾಳೆ ಏನಾಗುವುದೆಂದು ಗೊತ್ತಿದ್ದರೆ ಮನುಷ್ಯ ತಾಳಿಕೊಳ್ಳಬಲ್ಲ. ಕಚೇರಿಯ ರಜೆಯ ಪಟ್ಟಿಗೂ ರಾತ್ರಿ ಶಿಫ್ಟಿನ ಹಂಚಿಕೆಗೂ ಈ ನಿಯಮ ಹಾಗೆಯೇ ಅನ್ವಯಿಸುತ್ತದೆ.

ಎಷ್ಟು ಹೊತ್ತು ಕಾಯಬೇಕು?

ಉಗಿಯಂತ್ರದ ವೇಗವನ್ನು ಹದದಲ್ಲಿಡಲು ಜೇಮ್ಸ್ ವಾಟ್ ಬಳಸಿದ ‘ಗವರ್ನರ್’ ಎಂಬ ಸಾಧನವನ್ನು ವಾಚಕರು ಬಲ್ಲರು. ಯಂತ್ರ ವೇಗವಾದರೆ ಅದರ ಗುಂಡುಗಳು ಹೊರಕ್ಕೆ ಚಾಚಿ ಆವಿಯನ್ನು ತಗ್ಗಿಸುತ್ತವೆ. ಇಂತಹ ಸಾಧನಗಳು ಕೆಲವೊಮ್ಮೆ ವೇಗವನ್ನು ಹದಕ್ಕೆ ತರುವ ಬದಲು ಮೇಲೆ ಕೆಳಗೆ ತೂಗಾಡಿಸುವುದೇಕೆ ಎಂಬುದನ್ನು ಮ್ಯಾಕ್ಸ್‌ವೆಲ್ 1868ರಲ್ಲಿ ಗಣಿತದಿಂದ ವಿಚಾರ ಮಾಡಿದನು. ತಿದ್ದುಪಡಿ ಅತಿ ಬಲವಾಗಿದ್ದರೂ, ಅತಿ ತಡವಾಗಿ ಬಂದರೂ ಯಂತ್ರ ತೂಗಾಡುತ್ತದೆ. ಕೂಡಲೆ ಕೂಗಾಡುವುದು ಅತಿ ಬಲವಾದ ತಿದ್ದುಪಡಿ. ಆರು ತಿಂಗಳು ಮೌನವಾಗಿದ್ದು ಎಲ್ಲವನ್ನೂ ಒಂದೇ ದಿನ ಎತ್ತಿ ಆಡುವುದು ಅತಿ ತಡವಾದ ತಿದ್ದುಪಡಿ. ಹೋಲಿಕೆಯು ಹೋಲಿಕೆಯೇ ಆದರೂ ಅನುಭವ ಇದನ್ನು ಒಪ್ಪುತ್ತದೆ. ಮೈಯ ಉದ್ರೇಕ ಇಳಿಯುವವರೆಗೆ ಕಾಯಬೇಕು. ವಿಷಯ ಹಳಸುವವರೆಗೆ ಕಾಯಬಾರದು. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಬೆಳಗ್ಗೆ ಮಾತಾಡುವುದು ಹಿತ.

ಮಾತಾಡುವಾಗ ನೆನಪಿಡಬೇಕಾದುದು ಇಷ್ಟು: ಇಬ್ಬರೇ ಇರುವಾಗ ಮಾತಾಡಬೇಕು. ಗುಣವನ್ನಲ್ಲ, ಘಟನೆಯನ್ನು ಹೇಳಬೇಕು. ‘ನೀವು ಬೇಜವಾಬ್ದಾರರು’ ಎನ್ನದೆ ‘ನಿನ್ನೆ ಶಿಫ್ಟ್ ಬದಲಾಗುವಾಗ ಲಾಗ್ ಪುಸ್ತಕದಲ್ಲಿ ಪಂಪಿನ ವಿಷಯ ಬರೆದಿರಲಿಲ್ಲ’ ಎನ್ನಬೇಕು. ಅನಂತರ, ಎದುರಿನವರಿಗೆ ನಿಜವಾಗಿ ಬೇಕಾದುದೇನೆಂದು ಕೇಳಬೇಕು. ಮೇರಿ ಪಾರ್ಕರ್ ಫಾಲೆಟ್ ಎಂಬಾಕೆ 1925ರ ಒಂದು ಉಪನ್ಯಾಸದಲ್ಲಿ ತನ್ನದೇ ಪ್ರಸಂಗವನ್ನು ಹೇಳಿದ್ದಾಳೆ. ಹಾರ್ವರ್ಡಿನ ಗ್ರಂಥಾಲಯದಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕಿತ್ತು, ಆಕೆಗೆ ಮುಚ್ಚಿರಬೇಕಿತ್ತು. ಪಕ್ಕದ ಖಾಲಿ ಕೊಠಡಿಯ ಕಿಟಕಿಯನ್ನು ತೆರೆದರು. ಒಬ್ಬರಿಗೆ ಬೇಕಾಗಿದ್ದುದು ಗಾಳಿ; ಇನ್ನೊಬ್ಬರಿಗೆ ಬೇಡವಾಗಿದ್ದುದು ಮೈಮೇಲೆ ಬೀಸುವ ಚಳಿಗಾಳಿ. ಕಿಟಕಿಯ ವಿಷಯವನ್ನೇ ಹಿಡಿದು ಕುಳಿತಿದ್ದರೆ ಒಬ್ಬರು ಸೋಲಲೇಬೇಕಿತ್ತು.

ಇಬ್ಬರಿಂದಲೇ ಆಗದಿದ್ದರೆ ಇಬ್ಬರೂ ಗೌರವಿಸುವ ಮೂರನೆಯವರೊಬ್ಬರು ಬೇಕು. ಇದಕ್ಕೆ ನಮ್ಮ ನೆಲದಲ್ಲಿಯೇ ಒಂದು ಕಥೆಯುಂಟು. ವಿದ್ಯಾಗರ್ವದಿಂದ ಚೀಕಲಪರ್ವಿಯ ವಿಜಯದಾಸರ ಆಹ್ವಾನವನ್ನು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದ ಮಾನ್ವಿಯ ಶ್ರೀನಿವಾಸಾಚಾರ್ಯರು ನಿಜವಾಗಿಯೇ ಹೊಟ್ಟೆನೋವಿಗೆ ಈಡಾದರೆಂದೂ, ವಿಜಯದಾಸರು ಅವರನ್ನು ಮೊಸರಕಲ್ಲಿನವರಾದ ಗೋಪಾಲದಾಸರ ಬಳಿಗೆ ಕಳುಹಿಸಿದರೆಂದೂ, ಅವರಿಂದ ಗುಣವಾದ ಆಚಾರ್ಯರೇ ಮುಂದೆ ಜಗನ್ನಾಥದಾಸರೆಂದು ಪ್ರಸಿದ್ಧರಾದರೆಂದೂ ಪ್ರತೀತಿಯಿದೆ. ಪವಾಡದ ಭಾಗವನ್ನು ಬದಿಗಿಟ್ಟರೂ, ಅವಮಾನಿತರಾದವರು ಸೇಡನ್ನು ನೆನೆಯದೆ ದಾರಿ ತೋರಿಸಿದುದೂ, ಮೂರನೆಯವರು ಮುರಿದುದನ್ನು ಕೂಡಿಸಿದುದೂ ಯೋಚಿಸತಕ್ಕ ವಿಷಯಗಳು.

ಕೋಪವನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ಶರೀರವಿಜ್ಞಾನ ಹೇಳುವುದಿಲ್ಲ. ಅದು ಸಾಧ್ಯವೂ ಅಲ್ಲ. ಬೆಂಕಿಯಿಲ್ಲದೆ ಶಕ್ತಿನಗರದಲ್ಲಿ ವಿದ್ಯುತ್ತು ಹುಟ್ಟುವುದಿಲ್ಲ. ಅನ್ಯಾಯವನ್ನು ಕಂಡು ರೇಗದವನು ಅದನ್ನು ತಿದ್ದುವುದೂ ಇಲ್ಲ. ಉರಿಯನ್ನು ಎಷ್ಟು ಇಡಬೇಕು, ಯಾವಾಗ ತಗ್ಗಿಸಬೇಕು ಎಂಬುದನ್ನು ಕಲಿಯಬೇಕು. ತಪ್ಪನ್ನು ಹೆದರದೆ ಹೇಳುವ ವಾತಾವರಣವನ್ನು ಮೇಲಧಿಕಾರಿಗಳು ಕಟ್ಟಿಕೊಡಬೇಕು. ಮೊದಲನೆಯದು ನಮ್ಮೆಲ್ಲರ ಕೆಲಸ, ಎರಡನೆಯದು ಅಧಿಕಾರವುಳ್ಳವರ ಕೆಲಸ. ಎರಡೂ ನಡೆದ ಕಾರ್ಖಾನೆಯಲ್ಲಿ, ಕಾಲುವೆಯಲ್ಲಿ, ಕಚೇರಿಯಲ್ಲಿ ವಾದಗಳು ನಿಲ್ಲುವುದಿಲ್ಲ. ಆದರೆ ಸಂಜೆ ಮನೆಗೆ ಹಿಂದಿರುಗುವವರು ಮೈಯಲ್ಲಿಯೂ ಮನಸ್ಸಿನಲ್ಲಿಯೂ ಗಾಯವಿಲ್ಲದೆ ಹಿಂದಿರುಗುತ್ತಾರೆ.